ಕೊಟೇಶನ್ 'ಟರ್ನ್ ಡೌನ್' ಆಯಿತೆಂದರೆ ದರ ಇಳಿಸಿ ಎಂದೇ?

ಪ್ರಶ್ನೆ: ನಾನು ದಾವಣಗೆರೆಯವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಎರಡು ವರ್ಷಗಳಿಂದ ಇಲ್ಲಿನ ಒಂದು ಸಗಟು ಬಟ್ಟೆ ವ್ಯಾಪಾರದ ಸಂಸ್ಥೆಯಲ್ಲಿ ಲೆಕ್ಕಪತ್ರ ಮತ್ತು ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ಹೋದ ತಿಂಗಳು ಮುಂಬೈನ ಗಿರಾಕಿಯೊಬ್ಬರಿಂದ ಮೇಲ್ ಬಂತು. ನಮ್ಮ ಕೊಟೇಶನ್ 'ಟರ್ನ್ಡ್ ಡೌನ್' ಆಗಿದೆ ಎಂದು ಅದರಲ್ಲಿತ್ತು. ಟಿ.ವಿ. ಸದ್ದು ಕಡಿಮೆ ಮಾಡುವುದಕ್ಕೆ ಟರ್ನ್ ಡೌನ್ ಎನ್ನುತ್ತಾರಲ್ಲ, ಹಾಗೆಯೇ ದರ ಕಡಿಮೆ ಮಾಡಲು ಕೇಳಿದ್ದಾರೆ ಎಂದುಕೊಂಡು ಮಾಲೀಕರಿಗೆ ಹೇಳಿದೆ. ಅವರು ಮೀಟರಿಗೆ ನಾಲ್ಕು ರೂಪಾಯಿ ಇಳಿಸಿ ಹೊಸ ಕೊಟೇಶನ್ ಕಳುಹಿಸಿದರು. ಅತ್ತಲಿಂದ ಬಂದ ಉತ್ತರವನ್ನು ಕಚೇರಿಯಲ್ಲಿ ಎಲ್ಲರೂ ಓದಿ ನಕ್ಕರು. ಹೀಗೆ ಕ್ರಿಯಾಪದದ ಹಿಂದೆ ಅಪ್, ಡೌನ್, ಆಫ್ ಇಂಥ ಪದ ಸೇರಿ ಬೇರೆ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳು ಸಾವಿರ ಇರುವ ಪುಸ್ತಕ ತಂದು ದಿನಕ್ಕೆ ಮೂವತ್ತರಂತೆ ಬಾಯಿಪಾಠ ಮಾಡಿದೆ. ಎರಡನೆಯ ವಾರಕ್ಕೆ ಎಲ್ಲವೂ ಕಲಸುಮೇಲೋಗರ. ಇವೆಲ್ಲ ಬೀದಿಯ ಇಂಗ್ಲಿಷ್, ಕಚೇರಿಯಲ್ಲಿ ಬಳಸಬಾರದು ಎಂದು ಗೆಳತಿ ಹೇಳುತ್ತಾಳೆ. ಇವು ಬಾರದಿದ್ದರೆ ಇಂಗ್ಲಿಷೇ ಬಾರದು ಎಂದು ಅಣ್ಣ ಹೇಳುತ್ತಾನೆ. ನಾನು ಏನು ಮಾಡಲಿ? ಇನ್ನೊಂದು ಸಂಶಯ: 'ಟರ್ನ್ ಆಫ್ ದ ಫ್ಯಾನ್' ಸರಿಯಾದರೆ 'ಟರ್ನ್ ಆಫ್ ಇಟ್' ಏಕೆ ತಪ್ಪು?

ಉತ್ತರ: ಮೊದಲು ಆ ಮೇಲ್‌ನ ಲೆಕ್ಕ ಚುಕ್ತಾ ಮಾಡೋಣ. ಒಲೆಯ ಉರಿ, ಟಿ.ವಿ.ಯ ಸದ್ದು, ಫ್ಯಾನಿನ ವೇಗ ಇವುಗಳ ಜೊತೆ 'ಟರ್ನ್ ಡೌನ್' ಬಂದರೆ ತಗ್ಗಿಸು ಎಂದು ಅರ್ಥ. ನಿಮಗೆ ಗೊತ್ತಿದ್ದದ್ದು ಇದು. ಆಹ್ವಾನ, ಅರ್ಜಿ, ಮನವಿ, ಮದುವೆಯ ಪ್ರಸ್ತಾಪ, ಕೊಟೇಶನ್ ಇಂಥವುಗಳ ಜೊತೆ ಬಂದರೆ ಬೇಡವೆನ್ನು, ತಳ್ಳಿಹಾಕು ಎಂದು ಅರ್ಥ. ದರ ಇಳಿಸಿ ಎಂದು ಕೇಳುವುದಿದ್ದರೆ ಅವರು 'ಬ್ರಿಂಗ್ ಡೌನ್ ದ ಪ್ರೈಸ್' ಎಂದು ಬರೆಯುತ್ತಿದ್ದರು. ಅರ್ಥವನ್ನು ತೀರ್ಮಾನಿಸಿದ್ದು ಪಕ್ಕದಲ್ಲಿ ಕುಳಿತ ನಾಮಪದ. ನಕ್ಕವರಲ್ಲಿ ಎಷ್ಟು ಜನಕ್ಕೆ ಇದು ಮೊದಲೇ ಗೊತ್ತಿತ್ತು ಎಂದು ನನಗೆ ಅನುಮಾನವಿದೆ.

ಇಂಗ್ಲಿಷ್ ಏನೇನೂ ಬಾರದವರು ಈ ತಪ್ಪು ಮಾಡುವುದಿಲ್ಲ. ಅವರು ಪಕ್ಕದವರನ್ನು ಕೇಳುತ್ತಾರೆ. ನಿಮಗೆ ಗೊತ್ತಿದೆ ಎನ್ನಿಸಿತು, ಹಾಗಾಗಿ ಕೇಳಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಈ ಊರಿನಲ್ಲಿ ಸಂಜೆಯ ಇಂಗ್ಲಿಷ್ ತರಗತಿ ನಡೆಸುತ್ತಿದ್ದೇನೆ. ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಹರಿಹರದಿಂದ ಬಸ್ಸಿನಲ್ಲಿ ಬರುವ ಹುಡುಗರು, ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟವರು ಹೀಗೆ ಎಲ್ಲ ಬಗೆಯವರೂ ಬರುತ್ತಾರೆ. ಎಂದೂ ಕೇಳದ ಪದ ಎದುರಾದರೆ ಅವರು ನಿಂತು ಯೋಚಿಸುತ್ತಾರೆ. ಕನ್ನಡದೊಳಕ್ಕೆ ಬಂದು ಯಾವಾಗಲೋ ಮನೆ ಮಾಡಿಕೊಂಡಿರುವ ಆನ್, ಆಫ್, ಅಪ್, ಔಟ್, ಡೌನ್ ಎದುರಾದರೆ ಯೋಚಿಸದೆ ಮುಂದಕ್ಕೆ ಹೋಗಿ ಎಡವುತ್ತಾರೆ.

ಒಂದು ಸಂಜೆ ಹಲಗೆಯ ಮೇಲೆ 'ದ ಅಲಾರಂ ವೆಂಟ್ ಆಫ್ ಅಟ್ ಫೈವ್' ಎಂದು ಬರೆದು, ಐದು ಗಂಟೆಗೆ ಏನಾಯಿತು ಎಂದು ಕೇಳಿದೆ. ಆಫ್ ಆಯಿತು ಸರ್, ನಿಂತುಹೋಯಿತು ಎಂದು ಕೋಣೆಗೆ ಕೋಣೆಯೇ ಹೇಳಿತು. ಇಲ್ಲ, ಐದಕ್ಕೆ ಅದು ಹೊಡೆದುಕೊಂಡಿತು ಎಂದೆ. ಯಾರೂ ನಂಬಲಿಲ್ಲ. ಲೈಟ್ ಆಫ್ ಆದರೆ ಆರುತ್ತದೆ, ಅಲಾರಂ ಆಫ್ ಆದರೆ ಬಡಿದುಕೊಳ್ಳುತ್ತದೆಯೇ, ಇದು ಯಾವ ಊರಿನ ನ್ಯಾಯ ಎಂದು ಒಬ್ಬಳು ಜಗಳಕ್ಕೇ ನಿಂತಳು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಬಾಯಿ ಬಿಟ್ಟ. ರಾತ್ರಿ ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗದಂತೆ ಕಾವಲು ಕಾದು, ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗ. "ಸರ್, ನಾವು ಗುಂಡು ಹಾರಿತು ಎನ್ನುತ್ತೇವಲ್ಲ, ಇದೂ ಹಾಗೆಯೇ?" ಎಂದ.

ಹಾಗೆಯೇ. ಗುಂಡು ಹಾರಿತು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ 'ದ ಗನ್ ವೆಂಟ್ ಆಫ್'. ತಡೆದು ಹಿಡಿದದ್ದು ಬಿಡಿಸಿಕೊಂಡು ಹೊರಟಿತು ಎಂಬ ಚಿತ್ರ ಅದರೊಳಗಿದೆ. ಬಾಂಬು, ಪಟಾಕಿ, ಅಲಾರಂ ಎಲ್ಲವೂ ಒಂದೇ ಸಾಲಿನವು. ದೀಪ ಆರಿದರೂ 'ವೆಂಟ್ ಆಫ್'. ಬ್ರಿಟನ್ನಿನ ಮನೆಯಲ್ಲಿ ಹಾಲು 'ವೆಂಟ್ ಆಫ್' ಎಂದರೆ ಕೆಟ್ಟುಹೋಯಿತು ಎಂದು. ನಗಬೇಡಿ. ಕರೆಂಟ್ ಹೋಯಿತು, ಬಸ್ ಹೋಯಿತು, ಮಾನ ಹೋಯಿತು, ಜೀವ ಹೋಯಿತು ಎನ್ನುವವರು ನಾವು. ಹೋಗು ಎಂಬ ಒಂದೇ ಪದ ಎಷ್ಟು ಕಡೆಗೆ ಹೋಗಿದೆ ನೋಡಿ.

ಅಂದರೆ ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ತಟ್ಟೆಯಲ್ಲಿ ಉಳಿದ ಬೆಣ್ಣೆ ದೋಸೆಯ ಚೂರನ್ನು ತೋರಿಸಿ ಅಮ್ಮ 'ತಿಂದುಬಿಡು' ಎಂದರೆ, ಏನನ್ನೂ ಬಿಡಬೇಡ ಎಂದು ಅರ್ಥ. ಬಿಡು ಎನ್ನುವ ಪದ ಬಿಡಬೇಡ ಎನ್ನುತ್ತಿದೆ! ಇಲಿ ಚೀಲವನ್ನು 'ಕಡಿದುಹಾಕಿತು' ಎಂದಾಗ ಇಲಿ ಎಲ್ಲಿಯೂ ಏನನ್ನೂ ಹಾಕಲಿಲ್ಲ. ಕೆಲಸ ಪೂರ್ತಿ ಆಯಿತು, ಇನ್ನು ಉಳಿದಿಲ್ಲ ಎಂಬ ಭಾವವನ್ನು ಬಿಡು, ಹಾಕು ಎರಡೂ ತಂದುಕೊಡುತ್ತವೆ. ಇಂಗ್ಲಿಷಿನ ಅಪ್ ಹಲವು ಕಡೆ ಮಾಡುವ ಕೆಲಸವೂ ಇದೇ. 'ಈಟ್ ಅಪ್' ತಿಂದುಬಿಡು, 'ಟೇರ್ ಅಪ್' ಹರಿದುಹಾಕು, 'ಯೂಸ್ ಅಪ್' ಬಳಸಿ ಮುಗಿಸಿಬಿಡು. ಇಲ್ಲಿ ಯಾವುದೂ ಮೇಲಕ್ಕೆ ಏರುತ್ತಿಲ್ಲ.

ಕೈಯನ್ನೇ ತೆಗೆದುಕೊಳ್ಳಿ. ಸ್ಕೂಟರ್ ಕೈಕೊಟ್ಟರೆ 'ಬ್ರೋಕ್ ಡೌನ್', ನಂಬಿದವರು ಕೈಕೊಟ್ಟರೆ 'ಲೆಟ್ ಮಿ ಡೌನ್', ಸಿಗರೇಟಿನ ಸಹವಾಸ ಕೈಬಿಟ್ಟರೆ 'ಗೇವ್ ಅಪ್', ಹೊಸ ಕೆಲಸವನ್ನು ಕೈಗೆತ್ತಿಕೊಂಡರೆ 'ಟುಕ್ ಅಪ್'. ಕೈಕೊಡು, ಕೈಬಿಡು, ಕೈಹಾಕು, ಕೈಹಿಡಿ, ಕೈಕಟ್ಟು ಎಂದು ಪಟ್ಟಿ ಮಾಡಿಕೊಂಡು ಕನ್ನಡ ಕಲಿಯುವ ಒಬ್ಬ ಪರದೇಶಿಯನ್ನು ಊಹಿಸಿಕೊಳ್ಳಿ. ಎರಡನೆಯ ವಾರಕ್ಕೆ ಅವನು ಮದುವೆ ಮನೆಗೆ ಹೋಗಿ, ವರ ವಧುವಿಗೆ ಕೈಕೊಟ್ಟ ಎಂದು ಹರಸಿ ಬರುತ್ತಾನೆ. ನಿಮ್ಮ ಸಾವಿರದ ಪುಸ್ತಕ ನಿಮಗೆ ಮಾಡಿದ್ದೂ ಅದನ್ನೇ.

ಬೀದಿಯ ಇಂಗ್ಲಿಷ್ ಎಂಬ ಗೆಳತಿಯ ಮಾತಿಗೆ ಬರೋಣ. ಅದು ಹುಟ್ಟಿದ್ದಕ್ಕೆ ಒಂದು ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಮಾತು ಫ್ರೆಂಚ್ ಆಯಿತು. ಮಠದ, ವಿದ್ಯೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿಯಿತು. ಹಾಗೆ ಬಂದು ಸೇರಿದ ಪದಗಳಿಗೆ ಇಂದಿಗೂ ಜರಿಪಂಚೆಯ ಗತ್ತು. 'ಪುಟ್ ಔಟ್' ಮನೆಯ ಮಾತು, 'ಎಕ್ಸ್‌ಟಿಂಗ್ವಿಶ್' ನೋಟಿಸ್ ಬೋರ್ಡಿನ ಮಾತು. 'ಪುಟ್ ಆಫ್' ಮತ್ತು 'ಪೋಸ್ಟ್‌ಪೋನ್', 'ಫೈಂಡ್ ಔಟ್' ಮತ್ತು 'ಡಿಸ್ಕವರ್' ಇಂಥ ಜೋಡಿಗಳೇ. ನಮ್ಮಲ್ಲಿ ಹುಡುಕು ಮತ್ತು ಅನ್ವೇಷಿಸು, ಊಟ ಮಾಡು ಮತ್ತು ಭೋಜನ ಸ್ವೀಕರಿಸು ಇರುವಂತೆ. ಊಟ ಮಾಡು ಎನ್ನುವುದನ್ನು ಯಾರೂ ಕೀಳುಮಾತು ಎನ್ನುವುದಿಲ್ಲ. ಮನೆಗೆ ಬಂದ ನೆಂಟರಿಗೆ ಭೋಜನ ಸ್ವೀಕರಿಸಿ ಎಂದರೆ ಅವರೇ ಮುಖ ಮುಖ ನೋಡಿಕೊಳ್ಳುತ್ತಾರೆ. ಅದೂ ಅಲ್ಲದೆ, ಕೆಳಗಿನ ನ್ಯಾಯಾಲಯದ ಆದೇಶವನ್ನು ಮೇಲಿನ ನ್ಯಾಯಾಲಯ ರದ್ದು ಮಾಡಿದಾಗ ತೀರ್ಪಿನಲ್ಲಿ 'ಸೆಟ್ ಅಸೈಡ್' ಎಂದು ಬರೆಯುತ್ತದೆ. ಅದಕ್ಕಿಂತ ಗಂಭೀರವಾದ ಕಾಗದ ಇನ್ನಾವುದಿದೆ?

ನಿಮ್ಮ ಗೆಳತಿಯೂ ಬಿ.ಕಾಂ. ಆಗಿದ್ದರೆ ಅವರ ಖಾತೆ ಪುಸ್ತಕವನ್ನೇ ತೆರೆದು ತೋರಿಸಿ. ಪಿ.ಯು.ಸಿ.ಯಿಂದ ಬರೆಯುತ್ತ ಬಂದ 'ಬಿ/ಡಿ', 'ಸಿ/ಡಿ' ಎಂದರೆ 'ಬ್ರಾಟ್ ಡೌನ್', 'ಕ್ಯಾರಿಡ್ ಡೌನ್'. ಮೊತ್ತದ ಗೆರೆಯ ಮೇಲಿದ್ದ ಶಿಲ್ಕನ್ನು ಕೆಳಕ್ಕೆ ಒಯ್ದದ್ದು, ಕೆಳಕ್ಕೆ ತಂದದ್ದು. ಪುಟದ ಮೇಲೆ ಕಣ್ಣಿಗೇ ಕಾಣುವ ಡೌನ್ ಇದು. ಸವಕಳಿಯ ಲೆಕ್ಕದ 'ರಿಟನ್ ಡೌನ್ ವ್ಯಾಲ್ಯೂ' ಇದೆಯಲ್ಲ, ಅಲ್ಲಿ 'ರೈಟ್ ಡೌನ್' ಎಂದರೆ ಪುಸ್ತಕದಲ್ಲಿ ಮೌಲ್ಯ ತಗ್ಗಿಸಿ ಬರೆ ಎಂದು. ಮೇಷ್ಟ್ರು ತರಗತಿಯಲ್ಲಿ ಹೇಳುವ 'ರೈಟ್ ಡೌನ್' ಬರೆದುಕೊಳ್ಳಿ ಎಂದು. ಬಾರದ ಸಾಲವನ್ನು 'ರೈಟ್ ಆಫ್' ಮಾಡಿದರೆ ಅದು ಪುಸ್ತಕದಿಂದ ಹೊರಗೆ ಹೋಯಿತೇ ಹೊರತು ಸಾಲಗಾರನಿಗೆ ಮಾಫಿ ಸಿಕ್ಕಿತು ಎಂದಲ್ಲ. ಪತ್ರಿಕೆಗಳೂ ಆಗಾಗ ಇಲ್ಲಿ ಎಡವುತ್ತವೆ. ಇಷ್ಟನ್ನು ನೀವು ಯಾವ ಪಟ್ಟಿಯನ್ನೂ ಉರುಹೊಡೆಯದೆ, ಕೆಲಸ ಮಾಡುತ್ತಲೇ ಕಲಿತಿದ್ದೀರಿ.

ಈಗ 'ಟರ್ನ್ ಆಫ್ ಇಟ್'. ನಿಮ್ಮ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ವ್ಯಾಕರಣದ ಪುಸ್ತಕಗಳು ನಿಯಮ ಹೇಳಿ ಸುಮ್ಮನಾಗುತ್ತವೆ, ಕಿವಿಗೆ ಕೇಳಿಸುವುದನ್ನು ಹೇಳುವುದಿಲ್ಲ. ಇಂಗ್ಲಿಷ್ ವಾಕ್ಯದ ಕೊನೆಯ ಜಾಗ ತೂಕದ ಜಾಗ. ಹೊಸ ಸಂಗತಿ, ಒತ್ತಿ ಹೇಳಬೇಕಾದ ಸಂಗತಿ ಅಲ್ಲಿ ಕೂರುತ್ತದೆ. 'ಫ್ಯಾನ್' ಅಲ್ಲಿ ಕೂರಬಲ್ಲದು. 'ಇಟ್' ಎಂಬುದು ಆಗಲೇ ಗೊತ್ತಿರುವ ವಸ್ತುವಿಗೆ ಕೈ ತೋರಿಸುವ ಹಗುರ ಪದ. ಅದಕ್ಕೆ ಆ ಪೀಠ ಸಲ್ಲದು. ಆದ್ದರಿಂದ ಅದು ನಡುವೆ ನುಸುಳುತ್ತದೆ, ಕೊನೆಯಲ್ಲಿ 'ಆಫ್' ಗಟ್ಟಿಯಾಗಿ ಕೇಳುತ್ತದೆ: 'ಟರ್ನ್ ಇಟ್ ಆಫ್'. 'ಪಿಕ್ ಅಪ್ ಮೈ ಸಿಸ್ಟರ್', 'ಪಿಕ್ ಮೈ ಸಿಸ್ಟರ್ ಅಪ್' ಎರಡೂ ಸರಿ. ಸರ್ವನಾಮ ಬಂದರೆ 'ಪಿಕ್ ಹರ್ ಅಪ್' ಒಂದೇ ಸರಿ. ಆದರೆ 'ಲುಕ್ ಆಫ್ಟರ್ ಹರ್' ಎನ್ನುವಾಗ ಒತ್ತು 'ಲುಕ್' ಮೇಲೆ ಬೀಳುತ್ತದೆ, 'ಆಫ್ಟರ್' ಮೆತ್ತಗೆ ಸಾಗುತ್ತದೆ, ಅಂಥದ್ದು ಒಡೆಯುವುದಿಲ್ಲ. ಕ್ರಿಯಾಪದದ ಬಾಲದಲ್ಲಿ ಆಫ್ಟರ್, ಫಾರ್, ಅಟ್, ಇಂಟು, ವಿತ್ ಇದ್ದರೆ ಸಾಮಾನ್ಯವಾಗಿ ಒಡೆಯಬೇಡಿ. ಅಪ್, ಔಟ್, ಡೌನ್, ಅವೇ, ಬ್ಯಾಕ್ ಇದ್ದರೆ ಸರ್ವನಾಮವನ್ನು ನಡುವೆ ಇಡಿ. ಆನ್, ಆಫ್ ಎರಡೂ ಪಕ್ಷದಲ್ಲಿ ಇರುವವರು: ಸ್ವಿಚ್ ವಿಷಯದಲ್ಲಿ ನಡುವೆ ಇಡುತ್ತೀರಿ, ಬಸ್ ಹತ್ತಿ ಇಳಿಯುವ 'ಗೆಟ್ ಆನ್', 'ಗೆಟ್ ಆಫ್' ವಿಷಯದಲ್ಲಿ 'ಗೆಟ್ ಆಫ್ ಇಟ್' ಎಂದೇ ಹೇಳಬೇಕು.

ಫೋನಿನಲ್ಲಿ ಮುಂಬೈನವರ ಮಾತು ಕೆಲವೊಮ್ಮೆ ತಿಳಿಯದೆ ಹೋದರೆ, ಅದಕ್ಕೂ ಈ ಒತ್ತಿಗೂ ಸಂಬಂಧವಿದೆ. ಅವರು 'ಟರ್ನ್', 'ಇಟ್', 'ಆಫ್' ಎಂದು ಬಿಡಿಬಿಡಿಯಾಗಿ ಹೇಳುವುದಿಲ್ಲ, 'ಟರ್ನಿಟಾಫ್' ಎನ್ನುತ್ತಾರೆ. 'ಊರು', 'ಅಲ್ಲಿ' ಸೇರಿ 'ಊರಲ್ಲಿ' ಆದ ಹಾಗೆ. ಪ್ರೌಢಶಾಲೆಯಲ್ಲಿ ಲೋಪಸಂಧಿಗೆ ಉದಾಹರಣೆ ಬರೆದವರಿಗೆ ಇದು ಕಷ್ಟವಾಗಬಾರದು. ನಾವೇ ಚೆಕಪ್, ಬ್ಯಾಕಪ್, ಪಿಕಪ್ ಎಂದು ಕೂಡಿಸಿ ಆಡುತ್ತೇವೆ.

ಆದರೆ ಆ ಚೆಕಪ್, ಪಿಕಪ್‌ಗಳೇ ಬರೆಯುವಾಗ ಕೈಕೊಡುತ್ತವೆ. ಕನ್ನಡ ಇವನ್ನು ನಾಮಪದವಾಗಿ ತೆಗೆದುಕೊಂಡು 'ಮಾಡು', 'ಆಗು' ಸೇರಿಸಿಕೊಂಡಿದೆ: ಬಸ್ ಬ್ರೇಕ್‌ಡೌನ್ ಆಗಿದೆ, ಸ್ಟೇಷನ್‌ನಿಂದ ಪಿಕಪ್ ಮಾಡಿದೆ, ಫ್ಯಾನ್ ಆನ್ ಮಾಡು. ಕನ್ನಡದಲ್ಲಿ ಇವು ಸೊಗಸಾಗಿಯೇ ಇವೆ. ಇವನ್ನು ಮರಳಿ ಇಂಗ್ಲಿಷಿಗೆ ಒಯ್ಯುವಾಗ 'ಮಾಡು' ಉದುರಿ ಹೋಗಿ 'ಆನ್ ದ ಫ್ಯಾನ್' ಆಗುತ್ತದೆ, 'ಬಸ್ ಈಸ್ ಬ್ರೇಕ್‌ಡೌನ್' ಆಗುತ್ತದೆ. ನನ್ನ ತರಗತಿಯಲ್ಲಿ 'ಪಿಕಪ್ಡ್' ಎಂದು ಬರೆದವರೂ ಉಂಟು. ಭೂತಕಾಲ ತಲೆಗೆ ಅಂಟಬೇಕು, ಬಾಲಕ್ಕಲ್ಲ: 'ಪಿಕ್ಡ್ ಅಪ್', 'ಬ್ರೋಕ್ ಡೌನ್', 'ಲಾಗ್ಡ್ ಇನ್'. ನಾಮಪದವಾದಾಗ ಲಾಗಿನ್ ಒಂದೇ ಪದ, ಕ್ರಿಯೆಯಾದಾಗ ನಡುವೆ ಜಾಗ ಬಿಟ್ಟು ಎರಡು ಪದ.

ಇನ್ನು ಕೆಲವು ನಮ್ಮ ದೇಶದಲ್ಲೇ ಚಲಾವಣೆಯಲ್ಲಿರುವ ನಾಣ್ಯಗಳು. 2021ರಲ್ಲಿ ಪಾಸ್ ಔಟ್ ಆದೆ ಎಂದರೆ ಇಲ್ಲಿ ಪದವಿ ಮುಗಿಯಿತು ಎಂದು ತಿಳಿಯುತ್ತದೆ. ಹೊರಗಿನವರಿಗೆ ಮೂರ್ಛೆ ಬಿದ್ದಂತೆ ಕೇಳಿಸಬಹುದು. 'ಕೋಪ್ ಅಪ್ ವಿತ್' ಎಂಬುದರಲ್ಲಿ ಅಪ್ ಅನವಶ್ಯಕ, 'ಕೋಪ್ ವಿತ್' ಸಾಕು. 'ಡಿಸ್ಕಸ್ ಅಬೌಟ್' ನಮ್ಮ 'ಬಗ್ಗೆ ಚರ್ಚಿಸು' ಎಂಬುದರ ನೆರಳು, ಅಲ್ಲಿ ಅಬೌಟ್ ಬೇಡ.

ನಿಮ್ಮ ಮುಂದೆ ಇರುವ ದಾರಿಗಳು ಮೂರು. ಮೊದಲನೆಯದು ಆ ಪುಸ್ತಕವನ್ನೇ ಮುಂದುವರಿಸುವುದು. ಬೇಡ ಎಂದು ನೇರವಾಗಿ ಹೇಳುತ್ತೇನೆ. ಪಟ್ಟಿಯಲ್ಲಿ ಒಂದೇ ಕ್ರಿಯಾಪದದ ಹತ್ತು ಬಾಲಗಳು ಒಟ್ಟಿಗೆ ಬರುತ್ತವೆ, ಹಾಗಾಗಿ ಒಂದನ್ನು ನೆನೆದರೆ ಇನ್ನೊಂದು ನುಗ್ಗುತ್ತದೆ. 'ಪುಟ್ ಆಫ್' ಮುಂದೂಡುವುದು, 'ಕಾಲ್ ಆಫ್' ರದ್ದು ಮಾಡುವುದು. ಇವೆರಡು ಅದಲುಬದಲಾದರೆ ಸಭೆಯೇ ಇಲ್ಲದ ಊರಿಗೆ ನಿಮ್ಮ ಮಾಲೀಕರು ರೈಲು ಹತ್ತುತ್ತಾರೆ. ಲೆಕ್ಕದವರಿಗೆ ಇನ್ನೂ ಅಪಾಯದ ಜೋಡಿಯೊಂದಿದೆ. ಬಿಲ್ಲನ್ನು 'ಲುಕ್ ಓವರ್' ಮಾಡಿದೆ ಎಂದರೆ ಕಣ್ಣಾಡಿಸಿ ಪರಿಶೀಲಿಸಿದೆ, 'ಓವರ್‌ಲುಕ್' ಮಾಡಿದೆ ಎಂದರೆ ಗಮನಿಸದೆ ಬಿಟ್ಟೆ. ಆಡಿಟರ್‌ಗೆ ಬರೆಯುವಾಗ ಯಾವುದು ಮುಂದು, ಯಾವುದು ಹಿಂದು ಎಂದು ಎರಡು ಸಲ ನೋಡಿ.

ಎರಡನೆಯದು ಗೆಳತಿಯ ದಾರಿ: ಇವನ್ನು ಬಿಟ್ಟು, ಪೋಸ್ಟ್‌ಪೋನ್, ಕ್ಯಾನ್ಸಲ್, ರಿಜೆಕ್ಟ್ ಎಂದೇ ಬರೆಯುವುದು. ನೀವು ಬರೆಯುವ ಮೇಲ್‌ಗಳಿಗೆ ಸದ್ಯಕ್ಕೆ ಇದು ಕೆಟ್ಟ ಉಪಾಯವೇನಲ್ಲ. ಸ್ವಲ್ಪ ಬಿಗಿಯಾಗಿ ಕೇಳಿಸಬಹುದು, ಅಪಾರ್ಥವಂತೂ ಆಗುವುದಿಲ್ಲ. ತೊಂದರೆ ಇರುವುದು ಇನ್ನೊಂದು ಬದಿಯಲ್ಲಿ. ನೀವು ಬಳಸದಿದ್ದರೂ ಎದುರಿನವರು ಬಳಸುತ್ತಾರೆ. ನಿಮ್ಮನ್ನು ಸಿಕ್ಕಿಸಿದ ವಾಕ್ಯ ನೀವು ಬರೆದದ್ದಲ್ಲ, ಓದಿದ್ದು. ನಿಮ್ಮ ಅಣ್ಣನ ಮಾತಿನಲ್ಲಿ ಇಷ್ಟು ಸತ್ಯವಿದೆ.

ಮೂರನೆಯದು ನಾನು ಹೇಳುವ ದಾರಿ, ಇದು ನಿಧಾನದ್ದು. ಕಚೇರಿಗೆ ಬಂದ ಹಳೆಯ ಮೇಲ್‌ಗಳನ್ನು ತೆಗೆದು, ಬಾಲವಿರುವ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಪ್ರತಿಯೊಂದನ್ನೂ ಅದರ ನಾಮಪದದ ಸಮೇತ, ಇಡೀ ವಾಕ್ಯವಾಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಕನ್ನಡದಲ್ಲಿ ಬರೆಯುವಾಗ ಪದಕ್ಕೆ ಪದ ಇಡದೆ, ನಿಮ್ಮ ಮನೆಯಲ್ಲಿ ಅದೇ ಸಂದರ್ಭಕ್ಕೆ ಏನೆನ್ನುತ್ತಾರೋ ಅದನ್ನು ಬರೆಯಿರಿ. 'ದ ಸ್ಟಾಕ್ ಹ್ಯಾಸ್ ರನ್ ಔಟ್' ಎಂಬುದರ ಎದುರು 'ಮಾಲು ಖಾಲಿ' ಎಂದು. ನನ್ನ ಹುಡುಗರು 'ರನ್ ಔಟ್' ಎಂದ ಕೂಡಲೇ ಕ್ರಿಕೆಟ್‌ಗೆ ಹೋಗುತ್ತಾರೆ. ಮಂಡಕ್ಕಿ ಖಾಲಿಯಾದ ಅಂಗಡಿಯಲ್ಲಿ ಓಡಿದ್ದು ಯಾರು ಸರ್ ಎಂದು ಕೇಳಿದವನೂ ಇದ್ದಾನೆ. ವಾರಕ್ಕೆ ಐದಾರು ಸಾಕು. ಸಂಶಯ ಬಂದರೆ ಕಲಿಯುವವರಿಗಾಗಿಯೇ ಮಾಡಿದ ಆಕ್ಸ್‌ಫರ್ಡ್ ನಿಘಂಟನ್ನು ನೋಡಿ. ಅದರಲ್ಲಿ ಕ್ರಿಯಾಪದದ ಅರ್ಥಗಳೆಲ್ಲ ಮುಗಿದ ಮೇಲೆ ಫ್ರೇಸಲ್ ವರ್ಬ್‌ಗಳನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಎರಡು ಮೊನೆಯ ಬಾಣದ ಗುರುತು ಇದ್ದರೆ ನಡುವೆ ಒಡೆಯಬಹುದು ಎಂದು ಅರ್ಥ. ಈ ದಾರಿಯ ಕೊರತೆಯನ್ನೂ ಹೇಳಿಬಿಡುತ್ತೇನೆ: ಬಟ್ಟೆ ವ್ಯಾಪಾರದ ಮಾತು ಚೆನ್ನಾಗಿ ಬರುತ್ತದೆ, ಆಸ್ಪತ್ರೆಯ ಮಾತೋ ಸಿನಿಮಾದ ಮಾತೋ ಎದುರಾದಾಗ ಮತ್ತೆ ತಡವರಿಸುತ್ತೀರಿ. ಇರಲಿ. ಸಂಬಳ ಬರುವುದು ಬಟ್ಟೆಯಿಂದ.

ಇವೆಲ್ಲ ನನಗೇ ಏಕೆ ಕಷ್ಟ ಎಂದು ಕೊರಗಬೇಡಿ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿಯೇ, ಕ್ರಿಯಾಪದಕ್ಕೆ ಹೀಗೆ ಬಾಲ ಸೇರಿಸುವ ರೂಢಿ ಹೊರಗಿನವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎಂದು ಬರೆದಿದ್ದ.

ವ್ಯವಹಾರದ ಮೇಲ್‌ನಲ್ಲಿ ಹಣ, ದರ, ದಿನಾಂಕ ಇವುಗಳ ಜೊತೆ ಬಂದ ಬಾಲದ ಪದ ನೂರಕ್ಕೆ ನೂರು ತಿಳಿದಿಲ್ಲವಾದರೆ, ಮಾಲೀಕರಿಗೆ ಹೇಳುವ ಮೊದಲು ಕಳುಹಿಸಿದವರಿಗೇ ಒಂದು ಸಾಲು ಬರೆದು ಕೇಳಿ: ನಮ್ಮ ದರ ಬೇಡವೆಂದೋ, ಇನ್ನೊಂದು ದರ ಕಳುಹಿಸಬೇಕೆಂದೋ? ಇದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಮೀಟರಿಗೆ ನಾಲ್ಕು ರೂಪಾಯಿಯೂ ಹೋಗುವುದಿಲ್ಲ. ಮುಂಬೈನವರಿಗೆ ಮುಂದಿನ ಹಂಗಾಮಿಗೆ ಮತ್ತೆ ಕೊಟೇಶನ್ ಕಳುಹಿಸುತ್ತೀರಲ್ಲ, ಅದರ ಕೊನೆಯ ಸಾಲನ್ನು 'ಲುಕ್ ಫಾರ್ವರ್ಡ್ ಟು ಹಿಯರಿಂಗ್' ಎಂದು ಬರೆಯಿರಿ. 'ಹಿಯರ್' ಅಲ್ಲ. ಆ 'ಟು' ಆದ ಮೇಲೆ 'ಇಂಗ್' ಬರಬೇಕು. ಇದನ್ನು ನಿಮ್ಮ ನೋಟ್‌ಬುಕ್ಕಿನ ಮೊದಲ ವಾಕ್ಯ ಮಾಡಿಕೊಳ್ಳಿ.